ಬೀಗ ಹಾಕಿದ ಮನೆಯೊಳಗೆ ಧರಣಿ

ಬೀದಿಯಲ್ಲಿ ಕೂಗಾಡುವವನ ಮನೆಯೊಳಗೆ ಏನು ನಡೆಯುತ್ತದೆ ಎಂದು ಯಾರೂ ಕೇಳುವುದಿಲ್ಲ. ಆದರೆ ಅಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಕೆಲವನ್ನು ನೆನೆದರೆ ನನಗೆ ಈಗಲೂ ಮೊದಲು ಮೈ ಜುಮ್ಮೆನ್ನುತ್ತದೆ, ಆಮೇಲೆ ನಗು ಬರುತ್ತದೆ.

ನಾನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಗೋಡೆಬರಹ, ಸಿನಿಮಾ ಪೋಸ್ಟರು, ಪೊಟ್ಟಣ ಕಟ್ಟಿದ ಪೇಪರು ಓದಿ ಓದಿ ಅಕ್ಷರ ಕಲಿತವನು. ನೀರು ಬರದಿದ್ದರೆ, ಬಸ್ಸು ನಿಂತುಹೋದರೆ, ವಿಧವೆಯರ ಪಿಂಚಣಿ ತಡೆದರೆ ಹೋಗಿ ಆಫೀಸಿನ ಮುಂದೆ ಕೂರುತ್ತೇನೆ. ದೆವ್ವ, ಶಕುನ ಎನ್ನುವವರ ಜೊತೆ ಜಗಳವಾಡುವುದು ನನ್ನ ಎರಡನೇ ಕೆಲಸ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ನಾನು ಹೆದರಿಕೊಂಡಿದ್ದೂ ಬರುತ್ತದೆ.

ತೆಲುಗು ಸೀಮೆಯ ಕಲ್ಯಾಣದುರ್ಗದಲ್ಲಿ ನೀರಿಗಾಗಿ ಶಾಮಿಯಾನ ಹಾಕಿಕೊಂಡು ಕೂತಿದ್ದೆವು. ಒಬ್ಬ ಆಫೀಸರು ಬಂದು, "ವಸ್ತುಂದಿ, ವಸ್ತುಂದಿ. ಬರುತ್ತದೆ, ಬರುತ್ತದೆ" ಎಂದು ಎರಡು ಭಾಷೆಯಲ್ಲೂ ಕೈ ಮುಗಿದ. ನಮ್ಮವರು ಚಪ್ಪಲಿ ಮೆಟ್ಟಿಕೊಂಡು ಎದ್ದರು. ಶಾಮಿಯಾನದವನು ಗಳ ಕಿತ್ತ, ಜಮಖಾನ ಸುತ್ತಿದ. ಬರಿ ನೆಲದ ಮೇಲೆ ಒಂದು ಹೆಣ್ಣು ನಾಯಿಮರಿ ಮಾತ್ರ ಕೂತೇ ಇತ್ತು. ಕರೆದರೆ ಬರಲಿಲ್ಲ, ಗದರಿದರೆ ಏಳಲಿಲ್ಲ. ಅಷ್ಟು ಜನರಲ್ಲಿ ಆಫೀಸರ ಮಾತು ನಂಬದೆ ಕೂತಿದ್ದು ಅದೊಂದೇ. ಅದನ್ನು ಕೈಚೀಲಕ್ಕೆ ಹಾಕಿಕೊಂಡು ಹಿಂದೂಪುರದ ನನ್ನ ಬಾಡಿಗೆ ಕೋಣೆಗೆ ತಂದೆ. ಧರಣಿ ಎಂದು ಹೆಸರಿಟ್ಟೆ. ನನ್ನಂಥವನಿಗೆ ಬೇರೆ ಯಾವ ಹೆಸರು ಹೊಳೆದೀತು?

ಬಿಂದಿಗೆಯೊಳಗಿನ ಹೆಂಗಸು

ಅದನ್ನು ಮೊದಲ ಸಲ ಒಂಟಿಯಾಗಿ ಬಿಟ್ಟಿದ್ದು ಒಂದು ಮಧ್ಯಾಹ್ನ. ಬೀಗ ಹಾಕಿ, ರೇಷ್ಮೆಗೂಡಿನ ಮಾರ್ಕೆಟ್ಟಿನ ಹತ್ತಿರ ಟೀ ಕುಡಿದು ವಾಪಸು ಬಂದೆ. ಬಿಸಿಲಿಗೆ ಬೀದಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಒಂದು ಕಾಗೆಯ ಸದ್ದೂ ಇಲ್ಲ. ಬೀಗಕ್ಕೆ ಕೈ ಹಾಕಿದಾಗ ಒಳಗಿನಿಂದ ಒಂದು ಅಳು ಬಂತು.

ನಾಯಿಮರಿಯ ಅಳುವಲ್ಲ, ಹೆಂಗಸಿನ ಅಳು. ಬಾವಿಯ ತಳದಲ್ಲಿ ಕೂತು ಯಾರೋ ನಿಧಾನವಾಗಿ, ಉಸಿರು ಎಳೆದೆಳೆದು ಅತ್ತ ಹಾಗೆ. ನಿಲ್ಲುತ್ತದೆ, ನಾನು ಉಸಿರು ಬಿಡುವಷ್ಟರಲ್ಲಿ ಮತ್ತೆ ಶುರುವಾಗುತ್ತದೆ. ಕೀಲಿಕೈ ತೂತಿಗೆ ಹೋಗಲೊಲ್ಲದು. ಗೋರಂಟ್ಲದ ಸಂತೆಯಲ್ಲಿ ಮೈಕು ಹಿಡಿದು, "ದೆವ್ವ ಇದ್ದರೆ ಬರಲಿ ನನ್ನ ಮುಂದೆ!" ಎಂದು ಸವಾಲು ಹಾಕಿದವನು ನಾನು. ಆಗ ಮೈಕು ಕೈಯಲ್ಲಿತ್ತು.

ತಳ್ಳುಗಾಡಿಯಲ್ಲಿ ಸೊಪ್ಪು ಮಾರುವ ಹೆಂಗಸು ಬಂದವಳು ನಿಂತುಬಿಟ್ಟಳು.

"ಯಾರಪ್ಪಾ ಒಳಗೆ?"

"ನಾಯಿಮರಿ ಕಣಮ್ಮ."

"ನಾಯಿ ಹಿಂಗಳ್ತದಾ? ಇದು ಬಾಣಂತಿ ಅಳು ಕಣಪ್ಪ. ಈ ಕೋಣೇಲಿ ಮುಂಚೆ ಯಾರಿದ್ರು ಅಂತ ಕೇಳ್ದಾ?"

"ಇಲ್ಲ."

"ಬಾಡ್ಗೆ ಕಮ್ಮಿ ಅಂದಾಗ ಕೇಳ್ಬೇಕಪ್ಪಾ" ಎಂದವಳು ಗಾಡಿ ತಿರುಗಿಸಿಕೊಂಡು, ಸೊಪ್ಪು ಎಂದು ಕೂಗುವುದನ್ನೂ ಮರೆತು ಹೋದಳು.

ಬಾಗಿಲು ತೆಗೆದೆ. ಮಂಚದ ಮೇಲೆ ಯಾರೂ ಇಲ್ಲ. ಮರಿಯೂ ಕಾಣಲಿಲ್ಲ. ಮೂಲೆಯ ಕತ್ತಲಲ್ಲಿ ಪ್ಲಾಸ್ಟಿಕ್ ಬಿಂದಿಗೆ ತನ್ನಷ್ಟಕ್ಕೆ ತಾನೇ ಅಲುಗಾಡಿತು. ಹೊರಳಿತು. ಆಮೇಲೆ ಅಳುತ್ತಾ ಅಳುತ್ತಾ ನನ್ನ ಕಡೆಗೇ ಬರತೊಡಗಿತು. ನಾನು ಬಾಗಿಲಿಗೆ ಬೆನ್ನು ಒತ್ತಿ ನಿಂತೆ. ಬಿಂದಿಗೆಗೆ ಒಂದು ಬಾಲ ಇತ್ತು.

ಧರಣಿ ಕತ್ತಿನವರೆಗೂ ತಲೆ ತೂರಿಸಿ ಸಿಕ್ಕಿಕೊಂಡಿದ್ದಳು. ಬಿಂದಿಗೆಯ ತುಂಬ ನೀರಿದ್ದಿದ್ದರೆ ಅದು ಉರುಳುತ್ತಲೂ ಇರಲಿಲ್ಲ, ಮರಿ ತಲೆ ಹಾಕುತ್ತಲೂ ಇರಲಿಲ್ಲ. ನಮ್ಮ ಬೀದಿಗೆ ನೀರು ಬಿಡದವರು ದೆವ್ವವನ್ನಾದರೂ ಬಿಟ್ಟಿದ್ದರು.

ಕೊನೆ ಆಸೆ

ಬಿಂದಿಗೆಯನ್ನು ಅಟ್ಟಕ್ಕೇರಿಸಿದೆ. ಆದರೂ ಅಳು ನಿಲ್ಲಲಿಲ್ಲ. ನಾನು ಚಪ್ಪಲಿ ಹಾಕಿದರೆ ಸಾಕು, ಮರಿ ಮುಖ ಮೇಲೆತ್ತಿ ಉದ್ದಕ್ಕೆ ಊಳಿಡುತ್ತಿತ್ತು.

ನನ್ನ ಕೋಣೆ ಮನೆಯ ಹಿಂಭಾಗದಲ್ಲಿದೆ. ಮುಂಭಾಗದಲ್ಲಿ ಮನೆ ಯಜಮಾನಿಯ ಸಂಸಾರ. ಆಕೆಯನ್ನು ನಾನು ಅಕ್ಕಾ ಎನ್ನುತ್ತೇನೆ. ನಡುವೆ ಒಂದೇ ಗೋಡೆ, ಸೂರಿನ ಹತ್ತಿರ ಗಾಳಿಗೆಂದು ಬಿಟ್ಟ ಒಂದು ಕಿಂಡಿ. ಗೋಡೆಯ ಆ ಕಡೆ ಅಕ್ಕನ ಮಾವ, ಬೀದಿಗೆಲ್ಲ ತಾತ, ಹಾಸಿಗೆ ಹಿಡಿದು ಮಲಗಿದ್ದರು. ಡಾಕ್ಟರು ಕೈ ಬಿಟ್ಟಾಗಿತ್ತು. ನಾಯಿ ಊಳಿಟ್ಟರೆ ಯಮ ಬಂದ ಎನ್ನುವುದು ನಮ್ಮ ಕಡೆಯ ನಂಬಿಕೆ. ಹಾಗಾಗಿ ಧರಣಿ ಊಳಿಟ್ಟಾಗಲೆಲ್ಲ ಇಡೀ ಸಂಸಾರ ತಾತನ ಮಂಚದ ಸುತ್ತ ಓಡಿ ಬರುವುದು, ಬಾಯಿಗೆ ತುಳಸಿ ನೀರು ಬಿಡುವುದು, ಕಿವಿಯಲ್ಲಿ, "ಏನಾದ್ರೂ ಆಸೆ ಐತಾ?" ಎಂದು ಕೇಳುವುದು. ತಾತ ಕಣ್ಣು ಮುಚ್ಚಿಕೊಂಡೇ ನೂಲಿನಂಥ ದನಿಯಲ್ಲಿ ಹೇಳುವರು, "ಬೋಟಿ... ಖಾರವಾಗಿ." ಅಕ್ಕ ಅಳುತ್ತಾ ಒಲೆ ಹಚ್ಚುವಳು. ತಾತ ಉಣ್ಣುವರು, ಉಳಿಯುವರು. ಮಾರನೇ ದಿನ ಮತ್ತೆ ಊಳು. "ಕಾಯಿ ಒಬ್ಬಟ್ಟು..."

ಒಂದು ಬೆಳಿಗ್ಗೆ ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನನ್ನ ಬಾಗಿಲಿಗೆ ಬಂದಳು.

"ಅಣ್ಣಾ, ಮಾವ ಇವತ್ತೋ ನಾಳೆಯೋ ಅನ್ನಂಗವ್ರೆ. ನಿನ್ನ ನಾಯಿ ಯಮನ್ನ ಹೆಸರಿಡಿದು ಕರೀತಾ ಐತೆ. ಅಮಾವಾಸ್ಯೆ ಹೊತ್ಗೆ ಇದರ ಊಳು ನಿಲ್ಬೇಕು. ನಿಲ್ಲಲಿಲ್ಲ ಅಂದ್ರೆ ಆಟೋದವನಿಗೆ ಹೇಳಿದೀನಿ. ಗೋಣಿಚೀಲದಾಗೆ ಹಾಕ್ಕೊಂಡೋಗಿ ಪೆನುಕೊಂಡದ ಗುಡ್ಡದ ಕಡೆ ಬಿಟ್ಟು ಬತ್ತಾನೆ."

ಆ ಗುಡ್ಡದ ಕಡೆ ಕರಡಿ, ಚಿರತೆ ಓಡಾಡುತ್ತವೆ. ನನ್ನ ಮುಂಗೈ ಉದ್ದದ ಮರಿ ಅಲ್ಲಿ ಬೆಳಗು ಕಾಣುವ ಮಾತೇ ಇಲ್ಲ.

"ಶಕುನ ಎಲ್ಲ ಸುಳ್ಳು ಅಕ್ಕಾ. ನಾಯಿ ಕೂಗಿದ್ರೆ ಮನುಷ್ಯ ಸಾಯಲ್ಲ."

"ಮಾವ ಸಾಯ್ತಾರೋ ಇಲ್ವೋ ಗೊತ್ತಿಲ್ಲ ಕಣಣ್ಣಾ. ಇನ್ನೊಂದ್ ವಾರ ಇದು ಹಿಂಗೇ ಕೂಗಿದ್ರೆ ಒಲೆ ಮುಂದೆ ನಾನು ಸಾಯ್ತೀನಿ."

ಮನೆ ಹಿಡಿದವನು

ದನದ ಆಸ್ಪತ್ರೆಯ ಡಾಕ್ಟರಮ್ಮನನ್ನು ಹೋಗಿ ಕೇಳಿದೆ. ಆಕೆ ಹೇಳಿದ್ದು ಇಷ್ಟು: "ನೀವು ಹೋದರೆ ತಿರುಗಿ ಬರುತ್ತೀರಿ ಅಂತ ಅದಕ್ಕೆ ಗೊತ್ತಾಗಬೇಕು. ಹೊರಗೆ ಹೋಗಿ, ಕೂಡಲೇ ಒಳಗೆ ಬನ್ನಿ. ದಿನಾ ಸ್ವಲ್ಪ ಸ್ವಲ್ಪ ಹೊತ್ತು ಜಾಸ್ತಿ ಮಾಡಿ. ನಿಮ್ಮ ಬೆವರಿನ ಅಂಗಿ ಒಂದು ಹತ್ತಿರ ಹಾಕಿ. ಊಳಿಡುವಾಗ ಮಾತ್ರ ಬಾಗಿಲು ತೆಗೀಬೇಡಿ. ಆಗ ಹೋದರೆ, ಊಳಿಟ್ಟರೆ ಜನ ಬರ್ತಾರೆ ಅಂತ ನೀವೇ ಕಲಿಸಿದ ಹಾಗೆ. ಸುಮ್ಮನಿದ್ದಾಗ ಹೋಗಿ."

ಈ ಕೊನೆಯ ಮಾತು ನನ್ನ ತಲೆಯೊಳಗೆ ಮೊಳೆ ಹೊಡೆದ ಹಾಗೆ ಕೂತಿತು. ದಾರಿಯುದ್ದಕ್ಕೂ ಸಿಟ್ಟು. ನಮ್ಮನ್ನು ಹೀಗೇ ಅಲ್ಲವೇ ಪಳಗಿಸಿರುವುದು? ಸುಮ್ಮನಿದ್ದ ಕಾಲೋನಿಗೆ ಯಾವ ಜೀಪು ಬಂದಿದೆ? ರಸ್ತೆಗೆ ಅಡ್ಡ ಮಲಗಿ ಕೂಗಿದರೆ ಟ್ಯಾಂಕರು ಬರುತ್ತದೆ. ಆಮೇಲೆ, ಈ ಜನಕ್ಕೆ ಕೂಗೋದೇ ಚಟ ಅನ್ನುತ್ತಾರೆ. ಚಟ ಹಿಡಿಸಿದವರು ಯಾರು?

ಅಭ್ಯಾಸ ಶುರು ಮಾಡಿದೆ. "ಬತ್ತೀನಿ ಕಣಮ್ಮ" ಎಂದು ಬೀಗ ಹಾಕುವುದು, ಬಾಗಿಲಿಗೆ ಕಿವಿ ಕೊಟ್ಟು ನಿಲ್ಲುವುದು, ತೆಗೆದು ಒಳಗೆ ಹೋಗುವುದು, ಮತ್ತೆ "ಬತ್ತೀನಿ ಕಣಮ್ಮ." ಬಾಗಿಲ ಈಚೆ ನಾನು ಉಸಿರು ಬಿಗಿಹಿಡಿದು ನಿಂತರೆ, ಆಚೆ ಅದೂ ಹಾಗೇ ನಿಂತಿರುತ್ತಿತ್ತು. ಬಾಗಿಲ ಕೆಳಗಿನ ಸಂದಿನಿಂದ ನನ್ನ ಕಾಲ್ಬೆರಳಿಗೆ ಬಿಸಿ ಉಸಿರು ತಾಗುತ್ತಿತ್ತು. ಅದು ಯಾರ ಉಸಿರೆಂದು ಗೊತ್ತಿದ್ದೂ ಪ್ರತಿ ಸಲ ಬೆನ್ನು ತಣ್ಣಗಾಗುತ್ತಿತ್ತು.

ಎದುರುಮನೆ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಇಬ್ಬರು ಹೆಂಗಸರು ಇದನ್ನೆಲ್ಲ ನೋಡುತ್ತಿದ್ದರು. ಒಬ್ಬನೇ ಇರುವ ಗಂಡಸು ಖಾಲಿ ಮನೆಗೆ, "ಹೋಗಿ ಬರುತ್ತೇನೆ" ಎಂದು ಹೇಳುತ್ತಾನೆ, ಹೋಗಲಾರದೆ ವಾಪಸು ಬರುತ್ತಾನೆ, ಮುಚ್ಚಿದ ಬಾಗಿಲಿನ ಜೊತೆ ಪಿಸುಗುಡುತ್ತಾನೆ.

"ಇವನಿಗೆ ಮನೆ ಹಿಡ್ಕೊಂಡ್ಬುಟ್ಟೈತೆ ಕಣೇ. ಹೊರಗೆ ಬಿಡ್ತಾ ಇಲ್ಲ."

"ಒಳಗಿರೋಳು ಬಿಡ್ಬೇಕಲ್ಲ!"

ಮಾರನೇ ದಿನ ನನ್ನ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿತ್ತು. ಕಿತ್ತೆಸೆದು ಬೀದಿಗೆಲ್ಲ ಕೇಳುವ ಹಾಗೆ ಬೈದೆ. ಬೈದಿದ್ದೇ ತಪ್ಪಾಯಿತು. ನನ್ನ ಮೈಮೇಲೆ ಬಂದಿದೆ ಎಂದು ಅವರಿಗೆ ಖಾತ್ರಿಯಾಯಿತು. ಸಂಜೆ ಬಾಗಿಲು ತೆಗೆದರೆ ಹೆಂಗಸರು ಸಾಲಾಗಿ ನಿಂತಿದ್ದಾರೆ. "ನನ್ ಮಗಳ ಮದ್ವೆ ಯಾವಾಗ ಅಂತ ಒಂದ್ ಮಾತು ಹೇಳಪ್ಪಾ" ಎಂದಳು ಮುಂದಿದ್ದವಳು. ನೀರಿನ ಮೆರವಣಿಗೆಗೆ ಮನೆ ಮನೆಗೆ ಹೋಗಿ ಕರೆದರೂ ಬರದವರು, ಕರೆಯದೆಯೇ ತೆಂಗಿನಕಾಯಿ ಹಿಡಿದು ಬಂದಿದ್ದರು.

ಬೆಳುಗುಪ್ಪದ ಜೀಪು

ಅಷ್ಟರಲ್ಲಿ ಕಲ್ಯಾಣದುರ್ಗದ ಆಫೀಸರು ಹೇಳಿದ ನೀರು ಬರಲಿಲ್ಲ. ಮತ್ತೆ ಜನ ಸೇರಿಸಲು ಹೋಗಬೇಕಾಯಿತು. ಇಡೀ ದಿನ ಮರಿಯನ್ನು ಬಿಡುವುದು ಅದೇ ಮೊದಲು. ನನ್ನ ಹತ್ತಿರ ಒಂದು ಹಳೇ ಫೋನಿತ್ತು. ಕರೆ ಬಂದರೆ ತಾನಾಗಿ ಎತ್ತಿಕೊಂಡು ಜೋರಾಗಿ ಮಾತು ಕೇಳಿಸುವ ಹಾಗೆ ಮಾಡಿ, ಕಿಂಡಿಯ ಕೆಳಗಿನ ಗೋಡೆಗೂಡಿನಲ್ಲಿಟ್ಟು, ಬೀಗ ಹಾಕಿ ಹೊರಟೆ.

ಕಲ್ಯಾಣದುರ್ಗದಿಂದ ಬೆಳುಗುಪ್ಪಕ್ಕೆ ಜೀಪು ಹತ್ತಿದೆ. ಕಾಲಿಡಲು ಜಾಗವಿಲ್ಲ. ಅಲ್ಲಿಂದಲೇ ಮನೆಗೆ ಫೋನು ಮಾಡಿದೆ.

"ಧರಣೀ, ಅಳ್ಬೇಡ ಕಣೇ. ಸುಮ್ನೆ ಬಿದ್ಕೊಂಡಿರು. ಸಂಜೆಗೆ ಬತ್ತೀನಿ. ಬಂದು ಬೀಗ ತೆಗೀತೀನಿ, ಹಾಲು ಕೊಡ್ತೀನಿ."

ಆ ಕಡೆಯಿಂದ ಒಂದು ಒಡಕು ದನಿ, ತೆಲುಗಿನಲ್ಲಿ, ಬಹಳ ಸಮಾಧಾನವಾಗಿ ಹೇಳಿತು:

"ಸರೇಲೇ. ನುವ್ವು ಮೆಲ್ಲಗಾ ರಾ."

ಆಯ್ತು ಬಿಡು, ನೀನು ನಿಧಾನವಾಗಿ ಬಾ.

ಕೀಲಿಕೈ ನನ್ನ ಜೇಬಿನಲ್ಲಿತ್ತು. ಮುಟ್ಟಿ ನೋಡಿಕೊಂಡೆ. ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ದೊಡ್ಡ ಹೆಂಗಸು ನನ್ನನ್ನೇ ನೋಡುತ್ತಿದ್ದಳು.

"ಯಾರಪ್ಪಾ ಅದು ಧರಣಿ? ಬೀಗ ಹಾಕ್ಬಂದಿದೀಯಾ?"

ನನ್ನ ಜೀವವೆಲ್ಲ ಆ ದನಿಯಲ್ಲಿತ್ತು. ಬಾಯಿಗೆ ಬಂದಿದ್ದು ಹೇಳಿದೆ.

"ಹೂಂ. ಕಟ್ಟಾಕಿದ್ರೆ ಇನ್ನೂ ಜಾಸ್ತಿ ಅಳ್ತಾಳೆ."

"ನಿನಗೇನಾಗ್ಬೇಕು ಅವಳು?"

"ಏನೂ ಆಗ್ಬೇಕಿಲ್ಲ. ಕಲ್ಯಾಣದುರ್ಗದಲ್ಲಿ ಸಿಕ್ಕಿದ್ಲು. ಚೀಲಕ್ಕೆ ಹಾಕ್ಕೊಂಡೋದೆ."

ಎದುರು ಕೂತವರು ಕಾಲು ಹಿಂದಕ್ಕೆಳೆದುಕೊಂಡರು. ಡ್ರೈವರು ಕನ್ನಡಿಯಲ್ಲಿ ನನ್ನ ಮುಖ ನೋಡಿದ. ಆಗ ಹೊಳೆಯಿತು. ನಮಗೆ ಕನ್ನಡದಲ್ಲಿ ಧರಣಿ ಎಂದರೆ ಕೂತು ಹೋರಾಡುವುದು. ತೆಲುಗಿನಲ್ಲಿ ಅದಕ್ಕೆ ಧರ್ನಾ ಅನ್ನುತ್ತಾರೆ. ಅವರಿಗೆ ಧರಣಿ ಎಂದರೆ ಮನೆ ಮನೆಯಲ್ಲೂ ಹೆಣ್ಣುಮಗುವಿಗೆ ಇಡುವ ಹೆಸರು. "ನಾಯಿ ಕಣಮ್ಮ, ನಾಯಿ!" ಎಂದು ಕೂಗಿದೆ. "ಹೆಣ್ಮಗೂನ ನಾಯಿ ಅಂತಾನೆ ನೋಡ್ರೀ" ಎಂದಳು ಆಕೆ. ಹತ್ತುವಾಗ ಒಂಟಿ ಕಾಲಲ್ಲಿ ನಿಂತಿದ್ದ ನನಗೆ, ಬೆಳುಗುಪ್ಪ ಬರುವಷ್ಟರಲ್ಲಿ ಕಾಲು ಚಾಚಿ ಮಲಗುವಷ್ಟು ಜಾಗವಾಗಿತ್ತು.

ಯಾರದು?

ಸಂಜೆ ಮನೆಗೆ ಬಂದು ಬೀಗ ನೋಡಿದೆ. ಹಾಕಿದ ಹಾಗೇ ಇತ್ತು. ತೆಗೆದೆ. ಧರಣಿ ನನ್ನ ಅಂಗಿಯ ಮೇಲೆ ಮಲಗಿದ್ದಳು. ಮೇಲಿನಿಂದ ಅದೇ ಒಡಕು ದನಿ ಬಂತು:

"ಬಂದ್ಯೇನಪ್ಪಾ? ಅದು ಅಳ್ಳಿಲ್ಲ. ಯಾಕೋ ಅಳೋದೇ ಬಿಟ್ಬುಟ್ಟೈತೆ."

ಕಿಂಡಿಯ ಆಚೆ ತಾತ. ಫೋನಿಗೆ ಉತ್ತರ ಕೊಟ್ಟವರೂ ಅವರೇ. ಸಾಯುವ ಮನುಷ್ಯ ಮಲಗಿದಲ್ಲಿಂದಲೇ ನನ್ನ ಮರಿಗೆ ಕಾವಲಿದ್ದಾನಲ್ಲ ಎಂದು ಕಣ್ಣು ಒದ್ದೆಯಾಯಿತು. ಅವರ ದನಿಯಲ್ಲಿದ್ದ ಬೇಸರ ಆಗ ನನ್ನ ಕಿವಿಗೆ ಬೀಳಲಿಲ್ಲ.

ಆಮೇಲೆ ಫೋನು ಬೇಡವೆಂದು ನನ್ನ ಹಳೆಯ ಭಾಷಣದ ರೆಕಾರ್ಡನ್ನೇ ಮೈಕಿನ ಡಬ್ಬಿಗೆ ಹಾಕಿ, ಸಣ್ಣ ದನಿಯಲ್ಲಿ ಬಿಟ್ಟು ಹೋಗತೊಡಗಿದೆ. ಕೇಳುತ್ತಿದ್ದಂತೆ ಧರಣಿ ನಿದ್ದೆ ಹೋಗುತ್ತಿದ್ದಳು. ಜನರೂ ಹಾಗೇ ಮಾಡುತ್ತಾರೆ, ಅದರಲ್ಲಿ ಹೊಸದೇನಿಲ್ಲ.

ಜೀಪಿನ ಹೆಂಗಸು ಸುಮ್ಮನೆ ಕೂರಲಿಲ್ಲ, ನನ್ನ ವಿಳಾಸ ಹುಡುಕಿಸಿ ಸ್ಟೇಷನ್ನಿಗೆ ದೂರು ಕೊಟ್ಟಿದ್ದಳು. ಒಂದು ಮಧ್ಯಾಹ್ನ ಹಾಲು ತೆಗೆದುಕೊಂಡು ಬರುತ್ತೇನೆ, ನನ್ನ ಬಾಗಿಲಲ್ಲಿ ಒಬ್ಬ ಕಾನ್‌ಸ್ಟೇಬಲ್ ನಿಂತು ಬಾಗಿಲು ತಟ್ಟುತ್ತಿದ್ದಾನೆ. ಒಳಗಿನಿಂದ ನನ್ನ ದನಿ ಗಂಭೀರವಾಗಿ ಕೇಳಿತು:

"ಯಾರದು?"

ಭಾಷಣದಲ್ಲಿ ಅದು, ಈ ನೀರು ಯಾರದು ಎಂಬ ಪ್ರಶ್ನೆ. ಅವನಿಗೇನು ಗೊತ್ತು?

"ಪೊಲೀಸ್. ಸ್ಟೇಷನ್ನಿಂದ ಬಂದಿದೀನಿ."

"ಯಾರದು? ಗಟ್ಟಿಯಾಗಿ ಹೇಳಿ!"

"ಪೊಲೀಸ್!"

"ನಿಮ್ಮನ್ನು ಕಳಿಸಿದವರು ಯಾರು?"

"ಎಸ್ಸೈಗಾರು ಸಾರ್."

"ನಾಚಿಕೆಯಾಗುವುದಿಲ್ಲವೇ ನಿಮಗೆ?"

"ಡ್ಯೂಟಿ ಸಾರ್. ನಾನೇನ್ ಮಾಡ್ಲಿ?"

"ನಿಮಗೂ ಹೆಂಡತಿ ಮಕ್ಕಳಿಲ್ಲವೇ?"

"ಅವ್ರೆ ಸಾರ್" ಎಂದ ಕಾನ್‌ಸ್ಟೇಬಲ್, ತಗ್ಗಿದ ದನಿಯಲ್ಲಿ. ಆಮೇಲೆ ಅವನ ಕಣ್ಣು ಚಿಲಕಕ್ಕೆ ಹೋಯಿತು. ಹೊರಗಿನಿಂದ ಹಾಕಿದ ಬೀಗ. ಕೈಯೆತ್ತಿದವನು ಹಾಗೇ ನಿಂತ.

ಪಾಪ ಎನಿಸಿ ಹಿಂದಿನಿಂದ ಅವನ ಭುಜ ಮುಟ್ಟಿದೆ. "ಏನ್ ಬೇಕಿತ್ತು ಸಾರ್?"

ಒಳಗೆ ಕೇಳಿದ ದನಿಯೇ ಬೆನ್ನ ಹಿಂದೆ. ತಿರುಗಿದ. ನನ್ನ ಬಾಯಿ ಮುಚ್ಚಿತ್ತು. ಒಳಗೆ ನಾನು ಇನ್ನೂ ಮಾತಾಡುತ್ತಲೇ ಇದ್ದೆ. ಅವನು ನನ್ನ ತುಟಿಯನ್ನೇ ನೋಡುತ್ತಾ ಮೆಲ್ಲಗೆ ಮೆಟ್ಟಿಲ ಮೇಲೆ ಕೂತುಬಿಟ್ಟ.

"ಒಳಗಿರೋದು ಯಾರು?"

"ನಾನೇ."

"ನೀನ್ಯಾರು?"

"ನಾನೇ."

ಬಾಗಿಲು ತೆಗೆದು ಧರಣಿಯನ್ನು ತೋರಿಸಿದೆ. ಮುಖಕ್ಕೆ ನೀರು ಹಾಕಿಕೊಂಡು, "ನಾಯಿಗೆ ಟಾಮಿ ಅಂತ ಇಡಯ್ಯಾ, ದೇಶಕ್ಕೆಲ್ಲ ಅರ್ಥ ಆಗ್ತದೆ" ಎಂದು ಹೋದ. ನಾನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಇಷ್ಟು ವರ್ಷದ ನನ್ನ ಭಾಷಣದಲ್ಲಿ ಒಂದೊಂದು ಪ್ರಶ್ನೆಗೂ ನಿಂತು ಉತ್ತರ ಕೊಟ್ಟ ಸರ್ಕಾರಿ ನೌಕರ ಅವನೊಬ್ಬನೇ.

ಅಮಾವಾಸ್ಯೆಯ ಊಳು

ಧರಣಿ ಕಲಿತುಬಿಟ್ಟಳು. ಬೀಗದ ಸದ್ದಾದರೆ ಆಕಳಿಸಿ ಅಂಗಿಯ ಮೇಲೆ ಸುರುಳಿಯಾಗುತ್ತಿದ್ದಳು. ಗೆದ್ದೆನೆಂದು ಬೀಗುತ್ತಿರುವಾಗ ಅಕ್ಕ ಬಂದು ಹೇಳಿದಳು, "ನೀನಿಲ್ದಾಗ ಊಳಿಡೋದು ನಿಂತೇ ಇಲ್ಲ ಕಣಣ್ಣಾ. ಮುಂಚಿಗಿಂತ ಜಾಸ್ತಿ ಆಗೈತೆ. ನಿನ್ನೆ ಮಧ್ಯಾಹ್ನ ತಲೆಮಾಂಸದ ಸಾರು ಮಾಡ್ದೆ."

ನಂಬಲಾಗಲಿಲ್ಲ. ಬಾಗಿಲ ಹತ್ತಿರ ಅಡಗಿ ಕಾದೆ, ನಾನಿದ್ದಾಗ ಸದ್ದಿಲ್ಲ. ದೂರ ಹೋದರೆ ಊಳು. ಹಾಗಾದರೆ ಆ ಕೋಣೆಯಲ್ಲಿ ನನ್ನ ಮರಿಯಲ್ಲದೆ ಬೇರೆ ಏನಿದೆ? ಸೊಪ್ಪಿನವಳ ಮಾತು ನೆನಪಾಗಿ, ನಂಬದವನಾದರೂ, ಕತ್ತಲಾದ ಮೇಲೆ ದೀಪ ಆರಿಸುವುದನ್ನು ಬಿಟ್ಟೆ.

ಅಮಾವಾಸ್ಯೆಯ ಬೆಳಿಗ್ಗೆ ಆಟೋ ಬಂದು ನಿಂತಿತು. ಆಟೋದವನ ಕೈಯಲ್ಲಿ ಖಾಲಿ ಗೋಣಿಚೀಲ. ಅಕ್ಕ, ಆಕೆಯ ಗಂಡ, ಮಕ್ಕಳು, ಎದುರುಮನೆಯವರು, ಎಲ್ಲರೂ ಅಂಗಳದಲ್ಲಿ. ನಾನು ಮರಿಯನ್ನು ಎದೆಗವಚಿಕೊಂಡು ನಿಂತೆ.

"ಕೊಡಣ್ಣಾ."

"ಕೊಡಲ್ಲ ಅಕ್ಕಾ. ಇದು ಊಳಿಡಲ್ಲ. ನನ್ನನ್ನೂ ಸೇರಿಸಿ ಚೀಲಕ್ಕೆ ಹಾಕ್ಸು."

"ನಾಯಿ ಆಸೆಗೆ ಸಾಯೋರ ಹೊಟ್ಟೆ ಉರಿಸ್ಬೇಡ ಕಣಣ್ಣಾ. ಇದಲ್ದೆ ಇನ್ಯಾರು ಊಳಿಡ್ತಾರೆ?"

ಆಟೋದವನು ಚೀಲದ ಬಾಯಿ ಬಿಡಿಸಿ ಹತ್ತಿರ ಬಂದ. ಆಗ ಕೇಳಿಸಿತು.

ಮುಂಭಾಗದ ಮನೆಯ ಒಳಗಿನಿಂದ. ಮೊದಲು ಸಣ್ಣಗೆ, ನೆಲದೊಳಗಿಂದ ಬಂದ ಹಾಗೆ. ಆಮೇಲೆ ಎದ್ದಿತು, ಎಳೆಯಿತು, ತೆಂಗಿನ ಗರಿಯೆತ್ತರಕ್ಕೆ ಹೋಗಿ ಅಲ್ಲೇ ನಡುಗುತ್ತಾ ನಿಂತಿತು. ಎಲ್ಲರೂ ಧರಣಿಯ ಮುಖ ನೋಡಿದರು. ಅವಳ ಬಾಯಿ ಮುಚ್ಚಿತ್ತು, ಕಿವಿ ನೆಟ್ಟಗಾಗಿತ್ತು. ಅಕ್ಕನ ಕೈ ನನ್ನ ಮುಂಗೈ ಹಿಡಿಯಿತು, ಐಸಿನಂತೆ ತಣ್ಣಗೆ. ಎದುರುಮನೆಯವಳು ಮಗುವಿನ ಕಣ್ಣು ಮುಚ್ಚಿದಳು. ನನ್ನ ತಲೆಕೂದಲು ಒಂದೊಂದೇ ಏಳುವುದು ನನಗೇ ಗೊತ್ತಾಗುತ್ತಿತ್ತು. ಒಬ್ಬರೂ ಕದಲಲಿಲ್ಲ. ಊಳು ಇಳಿಯಿತು. ನಿಂತಿತು. ಇನ್ನೊಮ್ಮೆ ಶುರುವಾಯಿತು, ಈ ಸಲ ಇನ್ನೂ ಉದ್ದ, ಇನ್ನೂ ದುಃಖ. ನಡುವೆ ಎಲ್ಲೋ ಸಿಕ್ಕಿಕೊಂಡಿತು.

ಕೆಮ್ಮಿತು.

ಆಮೇಲೆ ತಾತನ ದನಿ, ನೂಲಿನಂಥದ್ದಲ್ಲ, ಹಗ್ಗದಂಥದ್ದು, ಅಂಗಳಕ್ಕೆಲ್ಲ ಕೇಳುವ ಹಾಗೆ ಬಂತು: "ಏನ್ರೇ, ಎಲ್ಲ ಎಲ್ಲಿ ಸತ್ರಿ? ಎಷ್ಟೂಂತ ಊಳಿಡ್ಲಿ ನಾನು? ಗಂಟ್ಲು ಹರ್ಕೊಂಡೋಯ್ತಾ ಐತೆ! ಇವತ್ತು ನಾಟಿಕೋಳಿ!"

ಅಕ್ಕ ನನ್ನ ಕೈ ಬಿಟ್ಟಳು. ಆಟೋದವನ ಕೈಯಿಂದ ಗೋಣಿಚೀಲ ಕಿತ್ತುಕೊಂಡು ಒಂದು ಸಲ ಕೊಡವಿದಳು.

"ಆಟೋ ತಿರುಗಿಸ್ಬೇಡ, ಹಂಗೇ ಇರಪ್ಪಾ" ಎಂದವಳು ಚೀಲ ಹಿಡಿದು ಮನೆಯೊಳಕ್ಕೆ ನಡೆದಳು.